ಗಣಾಚಾರದ ನಿಜಾರ್ಥ



ಪಂಚಾಚಾರಗಳ ಹೆಸರನ್ನು ಕೇಳದ ಲಿಂಗವಂತ ಗೃಹಸ್ಥನು ಇರಲಾರನು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಈ ಐದನ್ನು ಮಠದ ಶಾಲೆಯ ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸುವಂತೆ ಕಲಿಸಿದವರಲ್ಲಿ ನಾನೂ ಒಬ್ಬನು. ಆದರೆ ಹೆಸರನ್ನು ಬಾಯಿಗೆ ಹಾಕಿ ಅರ್ಥವನ್ನು ಹೃದಯಕ್ಕೆ ಮುಟ್ಟಿಸದೆ ಬಿಟ್ಟರೆ ಅದರಿಂದ ಎಂತಹ ಅನರ್ಥ ಒದಗುವುದೆಂಬುದನ್ನು ಕಳೆದ ವರ್ಷ ನಮ್ಮೂರ ಜಾತ್ರೆಯ ಮುಂಚೆ ಕಣ್ಣಾರೆ ಕಂಡೆನು. ಅದನ್ನು ಮುಚ್ಚಿಡದೆ ತಮ್ಮ ಮುಂದೆ ನಿವೇದಿಸುವುದು ನನ್ನ ಕರ್ತವ್ಯವೆಂದು ತಿಳಿದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಅಂದು ಗುಡಿಯ ಪೌಳಿಯಲ್ಲಿ ಹಿರಿಯರ ಸಭೆ ಕೂಡಿತ್ತು. ತೇರಿನ ಹಗ್ಗ, ದಾಸೋಹದ ಜೋಳ, ಕುಡಿಯುವ ನೀರು ಎಲ್ಲದರ ಮಾತೂ ಮುಗಿದು ಅಂಗಡಿ ಸಾಲಿನ ಮಾತು ಬಂದಿತು. ಆಗ ಮೂವತ್ತರ ಹರೆಯದ ಒಬ್ಬ ತರುಣನು ಎದ್ದು ನಿಂತನು. ಅವನು ನನ್ನ ಶಿಷ್ಯನೇ. ಒಳ್ಳೆಯ ಮನೆತನದವನು, ಲಿಂಗಪೂಜೆ ತಪ್ಪಿಸದವನು. "ಈ ಸಲ ಬ್ಯಾರೆ ಧರ್ಮದವರಿಗೆ ಅಂಗಡಿ ಹಚ್ಚಾಕ ಬಿಡಬಾರದ್ರಿ. ಅಗಸಿ ಮುಂದ ಒಂದು ಬೋರ್ಡ ಹಾಕಿಬಿಡೂಣು" ಎಂದನು. ಕೆಲವರು ತಲೆಯಾಡಿಸಿದರು. ಹಿರಿಯರೊಬ್ಬರು "ಯಾಕಪ್ಪಾ ತಮ್ಮಾ?" ಎಂದು ಕೇಳಿದರು. ಅವನು ಅವರಿಗೆ ಉತ್ತರ ಕೊಡದೆ ನನ್ನ ಕಡೆಗೆ ತಿರುಗಿ, "ಗುರುಗಳ, ನೀವ ಕಲಿಸೀರಲ್ರಿ, ಧರ್ಮಕ್ಕ ಕುಂದು ಬಂದ್ರ ಸುಮ್ಮನ ಕುಂದ್ರಬಾರದು, ಅದ ಗಣಾಚಾರ ಅಂತ. ನೀವ ಹೇಳ್ರಿ" ಎಂದನು.

ಬಂಧುಗಳೇ, ನಾನು ಹೇಳಲಿಲ್ಲ. ಉತ್ತರವನ್ನು ಅರಿಯದೆ ಸುಮ್ಮನಿದ್ದೆನೆಂದರೆ ಸುಳ್ಳಾದೀತು. ಊರ ಹರೆಯದವರೆಲ್ಲ ಒಂದು ಕಡೆಗಾದರೆ ನಾನೊಬ್ಬನೇ ಒಂದು ಕಡೆಗಾಗುವೆನೆಂಬ ಅಂಜಿಕೆಯಿಂದ ಸುಮ್ಮನಿದ್ದೆನು. ಮಾತಾಡಿದವಳು ಬಾಗಿಲ ಬಳಿ ಕುಳಿತಿದ್ದ ಒಬ್ಬ ಮುದುಕಿ. ಅವಳು ತನ್ನ ಎರಡೂ ಕೈ ಮುಂದೆ ಚಾಚಿ, "ತಮ್ಮಾ, ನನ್ನ ಲಗ್ನಕ್ಕ ಬಳಿ ಇಡಿಸಿದಾಂವ ಆ ಬಳಿಗಾರನ ಅಪ್ಪ. ನನ್ನ ಮಗಳ ಕುಬಸಕ್ಕ ಹಸರ ಬಳಿ ಇಡಿಸಿದಾಂವ ಈ ಮಗ. ಒಂದ ಸಲರೆ ನನ್ನ ಕೈ ಹಿಡದು ನಿನ್ನ ಜಾತಿ ಯಾವದವ್ವಾ ಅಂತ ಕೇಳಿಲ್ಲ. ಅವನ ಅಂಗಡಿ ತಗಸಿ ನಾ ಯಾವ ಮಾರಿಲೆ ದೇವರ ಮುಂದ ನಿಂದರಲಿ?" ಎಂದಳು. ಸಭೆ ನಿಶ್ಶಬ್ದವಾಯಿತು. ನಿರ್ಣಯವನ್ನು ಎಂಟು ದಿನ ಮುಂದಕ್ಕೆ ಹಾಕಿ ಎಲ್ಲರೂ ಎದ್ದರು. ಅಕ್ಷರ ಕಲಿಯದ ಆ ತಾಯಿ ಆಡಿದ ಮಾತನ್ನು, ಐವತ್ತು ದಾಟಿದ ಪಂಡಿತನೆನಿಸಿಕೊಂಡ ನಾನು ಆಡಲಿಲ್ಲವೆಂಬ ಲಜ್ಜೆ ಆ ಎಂಟು ದಿನ ನನ್ನನ್ನು ಸುಟ್ಟಿತು. ಆಗ ಮನಸ್ಸಿನಲ್ಲಿ ಮಥಿಸಿದ್ದೇ ಈ ಲೇಖನ.

ಆ ತರುಣನ ಮಾತು ಅವನ ಸ್ವಂತದ್ದಲ್ಲ. ನಾಡಿನಲ್ಲಿ ಬೀಸಿದ ಗಾಳಿ ಅವನ ಬಾಯಲ್ಲಿ ಮಾತಾಗಿ ಬಂದಿತ್ತು. 2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಕಾಪು ಮೊದಲಾದ ಕಡೆಗಳ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಎಡೆಯಿಲ್ಲವೆಂಬ ಫಲಕಗಳು ಎದ್ದವು. ದೇವಸ್ಥಾನಗಳಿಗೆ ಸೇರಿದ ಜಮೀನು ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ 2002ರ ಒಂದು ನಿಯಮವನ್ನು ವಿಧಾನಸಭೆಯಲ್ಲಿಯೂ ಉದಾಹರಿಸಲಾಯಿತು. ಕೆಲವೇ ದಿನಗಳಲ್ಲಿ ಆ ಗಾಳಿ ಘಟ್ಟವನ್ನೇರಿ ನಮ್ಮ ಸೀಮೆಗೆ ಬಂದಿತು. 2022ರ ಏಪ್ರಿಲ್ 9ನೆಯ ತಾರೀಖು ಶನಿವಾರ, ಹನುಮಂತದೇವರ ವಾರ. ಧಾರವಾಡದ ಹೊರವಲಯದ ನುಗ್ಗಿಕೇರಿಯ ಹನುಮಂತದೇವರ ಗುಡಿಗೆ ಭಕ್ತರು ಬರುತ್ತಿದ್ದರು. ಅಲ್ಲಿ ಹಲವು ವರ್ಷಗಳಿಂದ ಹಣ್ಣು ಮಾರಿಕೊಂಡು ಬದುಕುತ್ತಿದ್ದ ಒಬ್ಬ ಮುಸಲ್ಮಾನ ವೃದ್ಧನ ಗಾಡಿಯ ಮೇಲೆ, ಶ್ರೀರಾಮ ಸೇನೆಯ ಕಾರ್ಯಕರ್ತರೆಂದು ವರದಿಯಾದ ಕೆಲವರು ಬಿದ್ದು, ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆದುಹಾಕಿದರು. ಬೇಸಿಗೆಯ ಬಿಸಿಲಿನಲ್ಲಿ ಬಾಯಾರಿ ಬಂದವರ ದಾಹವನ್ನು ತಣಿಸಬೇಕಾದ ಹಣ್ಣು ಗುಡಿಯ ಮುಂದಿನ ಮಣ್ಣಿನಲ್ಲಿ ಬಿದ್ದು ಹರಿಯಿತು. ಪೊಲೀಸರು ನಾಲ್ವರನ್ನು ಬಂಧಿಸಿದರು; ನಾಡಿನ ಅನೇಕ ಸಜ್ಜನರು ಆ ವೃದ್ಧನಿಗೆ ನೆರವನ್ನೂ ಕೊಟ್ಟರು. ಒಡೆದ ಹಣ್ಣಿನ ಬೆಲೆ ತುಂಬಿ ಬಂದೀತು. ಆದರೆ ತಾನು ವರ್ಷಗಟ್ಟಲೆ ನಂಬಿ ನಿಂತ ನೆಲವೇ ತನ್ನದಲ್ಲವೆಂಬ ಮಾತನ್ನು ಕೇಳಿದ ಮನಸ್ಸಿಗೆ ಯಾರು ಬೆಲೆ ಕಟ್ಟಬಲ್ಲರು?

ಜಮೀನಿನ ಗುತ್ತಿಗೆಯ ನಿಯಮ ಏನೇ ಇರಲಿ. ಒಬ್ಬನ ಗಾಡಿಯನ್ನು ಒಡೆಯುವ ಅಧಿಕಾರವನ್ನು ಯಾವ ನಿಯಮವೂ ಯಾರಿಗೂ ಕೊಟ್ಟಿಲ್ಲ. ಆದರೆ ನಾನು ಇಲ್ಲಿ ವಿಚಾರಿಸಬೇಕಾದುದು ಧರ್ಮದ ಮಾತನ್ನು. ಒಡೆದವರು ತಾವು ಧರ್ಮವನ್ನು ರಕ್ಷಿಸಿದೆವೆಂದೇ ಭಾವಿಸಿದ್ದರು. ನನ್ನ ಶಿಷ್ಯನಿಗಾದರೋ ಅದಕ್ಕೆ ನಮ್ಮ ಆಚಾರದ ಒಂದು ಹೆಸರೂ ಸಿಕ್ಕಿತ್ತು. ಆದುದರಿಂದ ಗಣಾಚಾರವೆಂದರೇನು ಎಂಬುದನ್ನು ಸಾವಧಾನವಾಗಿ ನೋಡೋಣ.

ಶಿವನಿಂದೆ, ಶಿವಭಕ್ತರ ನಿಂದೆಗಳನ್ನು ಕೇಳಿ ಉದಾಸೀನನಾಗಿರದೆ ಇರುವುದು ಗಣಾಚಾರವೆಂದು ಹಿರಿಯರು ಹೇಳಿದರು. ನಿಂದಕನ ವಿಷಯದಲ್ಲಿ ಶಾಸ್ತ್ರಗ್ರಂಥಗಳಲ್ಲಿ ಕಟುವಾದ ಮಾತುಗಳಿವೆಯೆಂಬುದನ್ನು ನಾನು ಬಚ್ಚಿಡುವುದಿಲ್ಲ. ನಿಂದೆ ನಡೆಯುವ ಸ್ಥಳವನ್ನು ಬಿಟ್ಟು ಹೋಗೆಂಬ ವಿಧಿಯೂ ಅಲ್ಲಿಯೇ ಇದೆ. ರಾಜದಂಡವು ಅರಸನ ಕೈಯಲ್ಲಿದ್ದ ಕಾಲ ಅಳಿದು, ದಂಡನೆಯ ಅಧಿಕಾರ ನ್ಯಾಯಾಲಯದ್ದಾದ ಈ ಕಾಲದಲ್ಲಿ, ಸಾಧಕನಿಗೆ ಉಳಿದ ವಿಧಿ ಆ ಎರಡನೆಯದೇ. ಅದೂ ಇರಲಿ, ಬಳೆ ಮಾರುವವನು ಯಾರನ್ನು ನಿಂದಿಸಿದನು? ಕಲ್ಲಂಗಡಿ ಹಣ್ಣನ್ನು ಕೊಯ್ದು ಭಕ್ತನ ಕೈಗೆ ಕೊಟ್ಟವನು ಯಾವ ದೇವರನ್ನು ಹಳಿದನು? ನಿಂದೆಯೇ ಇಲ್ಲದಲ್ಲಿ ನಿಂದಕನನ್ನು ಹುಡುಕುವುದು ಆಚಾರವಲ್ಲ, ಬೇಟೆ.

"ಏಕಾಂತದ ರಾಮಯ್ಯನು ಅಬ್ಬಲೂರಿನಲ್ಲಿ ಏನು ಮಾಡಿದನು?" ಎಂದು ಓದಿದವರು ಕೇಳುವರು. ನ್ಯಾಯವಾದ ಪ್ರಶ್ನೆ. ಜೈನರೊಡನೆ ಪಂಥ ಹೂಡಿ, ಗೆದ್ದ ಮೇಲೆ ಅವರ ಜಿನಬಿಂಬವನ್ನು ಒಡೆದನೆಂದು ಅಬ್ಬಲೂರಿನ ಶಾಸನವೇ ಹೇಳುತ್ತದೆ. ಆ ಕಥೆಯಲ್ಲಿ ಅವನು ಪಣಕ್ಕೆ ಒಡ್ಡಿದ್ದು ತನ್ನ ಶಿರಸ್ಸನ್ನೇ ಹೊರತು ಅನ್ಯರದ್ದನ್ನಲ್ಲ. ನಾವು ಪೂಜಿಸುವುದು ಆ ನಿಷ್ಠೆಯನ್ನು. ಬಿಂಬ ಒಡೆದುದನ್ನು ಪೂಜಿಸಬೇಕಾಗಿಲ್ಲ, ಅನುಕರಿಸಲಂತೂ ಬಾರದು. ಅಂದು ಜೈನರ ಮನೆಗಳಲ್ಲಿ ಎಷ್ಟು ಕಣ್ಣುಗಳು ನೀರು ತುಂಬಿದವೋ! ಆದಿಕವಿ ಪಂಪನ ನೆನಪನ್ನು ಹೊತ್ತ ಅಣ್ಣಿಗೇರಿಯಲ್ಲಿ ಅಮೃತೇಶ್ವರನ ಗುಡಿಯೂ ಇದೆ, ಜೈನ ಬಸದಿಯೂ ಇದೆ. ಎರಡೂ ಉಳಿದಿರುವುದು ಆ ಊರಿನ ಭೂಷಣವೇ ಹೊರತು ಕುಂದಲ್ಲ. ಹಿರಿಯರ ಕಥೆಯಲ್ಲಿ ಅಮೃತವೂ ಇರುತ್ತದೆ, ಆ ಕಾಲದ ಧೂಳೂ ಇರುತ್ತದೆ. ಸೋಸಿ ಕುಡಿಯುವುದು ವಿವೇಕಿಯ ಲಕ್ಷಣ.

ಇನ್ನು ಮುಖ್ಯವಾದ ಮಾತು. ಆಚಾರಗಳು ಐದು, ಬೆರಳುಗಳೂ ಐದು. ಒಂದೇ ಬೆರಳಿನಿಂದ ತುತ್ತು ಏಳುವುದಿಲ್ಲ. ಗಣಾಚಾರದ ಎಡಕ್ಕೆ ಸದಾಚಾರವಿದೆ, ಬಲಕ್ಕೆ ಭೃತ್ಯಾಚಾರವಿದೆ. ಸದಾಚಾರವೆಂದರೆ ಸತ್ಯಶುದ್ಧ ಕಾಯಕದಿಂದ ಬದುಕುವುದು. ಭೃತ್ಯಾಚಾರವೆಂದರೆ ತಾನು ಎಲ್ಲರಿಗಿಂತ ಕಿರಿಯನೆಂದು, ಸೇವಕನೆಂದು ಬಾಗುವುದು. ಬಾಗುವುದನ್ನು ಕಲಿಯದವನ ಕೈಗೆ ಗಣಾಚಾರ ಸಿಕ್ಕರೆ ಅದು ಕೂಸಿನ ಕೈಯ ಕುಡುಗೋಲು. ತನ್ನ ಅಹಂಕಾರಕ್ಕೆ ತಗುಲಿದ ಪೆಟ್ಟನ್ನೇ ಅವನು ಶಿವನಿಗೆ ತಗುಲಿದ ಪೆಟ್ಟೆಂದು ಭ್ರಮಿಸುವನು. ಶಿವನಿಗೆ ಕಾವಲುಗಾರರ ಕೊರತೆಯಿಲ್ಲ. ಕಾವಲು ಬೇಕಾದುದು ನಮ್ಮ ಮನಸ್ಸಿಗೆ.

"ಭೃತ್ಯಾಚಾರವನ್ನು ಹೇಳಿದ್ದು ಶಿವಭಕ್ತರ ವಿಷಯದಲ್ಲಿ, ಲಿಂಗವಿಲ್ಲದವನಿಗೆ ಅದು ಹೇಗೆ ಸಲ್ಲುವುದು?" ಎಂಬುದು ಇನ್ನೊಂದು ಶಂಕೆ. ಇದಕ್ಕೆ ಶೂನ್ಯಸಂಪಾದನೆಯ ಮರುಳಶಂಕರದೇವರ ಪ್ರಸಂಗವೇ ಸಮಾಧಾನ. ದೂರದೇಶದಿಂದ ಕಲ್ಯಾಣಕ್ಕೆ ಬಂದ ಆ ಶರಣನು ಮಹಾಮನೆಯ ಪ್ರಸಾದದ ಕೊಂಡದ ಬಳಿ ಹನ್ನೆರಡು ವರ್ಷ ಮರುಳನಂತೆ ಸೇವೆ ಮಾಡಿಕೊಂಡಿದ್ದನು. ಅವನು ಯಾರೆಂದು ಯಾರೂ ಗುರುತಿಸಲಿಲ್ಲ. ಕೊನೆಗೆ ಪ್ರಭುದೇವರು ತೋರಿಸಿಕೊಟ್ಟಾಗ ಸ್ವತಃ ಬಸವಣ್ಣನವರೇ ತಾವು ಅರಿಯದೆ ಹೋದೆನೆಂದು ನೊಂದರು. ತನ್ನ ಅಂಗಳದಲ್ಲಿ ಕಸ ಗುಡಿಸಿದವನು ಯಾರೆಂಬುದು ಬಸವಣ್ಣನವರಿಗೇ ತಿಳಿಯದೆ ಹೋದಾಗ, ಅಗಸಿಯ ಬಳಿ ಬಳೆ ಮಾರುವವನ ಅಂತರಂಗದಲ್ಲಿ ಏನಿದೆಯೆಂದು ತೂಗಿ ನೋಡಲು ನಾವಾರು? ಬಂದವನು ಯಾರ ಕಡೆಯವನೆಂದು ವಿಚಾರಿಸದೆ ಮನೆಯ ಮಗನಂತೆ ಕಾಣಬೇಕೆಂಬುದು ಅಣ್ಣನವರ ಬೋಧೆ. ಪರವಸ್ತು ಒಂದೇ, ಕರೆಯುವ ಹೆಸರುಗಳು ಬೇರೆ ಬೇರೆಯೆಂಬುದು ಶರಣರ ನಿಲುವು. ಕರುಣೆಯು ಬೇರಾಗಿರದ ಧರ್ಮವನ್ನು ಅವರು ಧರ್ಮವೆಂದೇ ಒಪ್ಪಲಿಲ್ಲ.

ನುಲಿಯ ಚಂದಯ್ಯನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ನೀರಿಗೆ ಬಿದ್ದರೂ ಆ ಮಹಾತ್ಮನು ಹುಲ್ಲಿನ ಹೊರೆ ಕಟ್ಟಿಕೊಂಡು ಹಗ್ಗ ಹೊಸೆಯಲು ನಡೆದನು. ಲಿಂಗಯ್ಯನೇ ಅವನ ಬೆನ್ನು ಹತ್ತಿ ಬಂದನು. ಲಿಂಗವೇ ಕಾದು ನಿಲ್ಲುವಷ್ಟು ದೊಡ್ಡದು ಕಾಯಕ. ಮುಂಜಾನೆ ಎದ್ದು ಹಣ್ಣು ಹೇರಿಕೊಂಡು ಗಾಡಿ ತಳ್ಳುವವನ ಬೆವರಿಗೆ ಜಾತಿಯುಂಟೆ? ಸತ್ಯಶುದ್ಧವಾದ ದುಡಿಮೆಯಲ್ಲಿ ಲಿಂಗವು ನೆಲಸಿರುವುದು ನಿಜವಾದರೆ, ಅಂದು ನುಗ್ಗಿಕೇರಿಯಲ್ಲಿ ಒಡೆದುದು ಬರಿಯ ಹಣ್ಣೆನ್ನಲಾಗುವುದಿಲ್ಲ. ಒಬ್ಬನ ಕಾಯಕವನ್ನು ಒಡೆದವನು ಯಾವ ಗುಡಿಯೊಳಗೆ ಹೋಗಿ ಯಾವ ಲಿಂಗಕ್ಕೆ ಕೈಮುಗಿದಾನು?

ಬಂಧುಗಳೇ, ದ್ವೇಷದ ಪೆಟ್ಟು ಎಂತಹದೆಂಬುದನ್ನು ನಮಗೆ ಅನ್ಯರು ಕಲಿಸಬೇಕಾಗಿಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದಾಗ ಏನಾಯಿತು? ಶರಣರು ಅಂದು ಸ್ವಲ್ಪ ಜನ, ಎದುರಿಗಿದ್ದವರು ಬಹುಜನ. ನಡೆದುಬಂದ ಧರ್ಮ ಕೆಟ್ಟಿತೆಂಬ ಕೂಗೆದ್ದಿತು. ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಎಳೆಸಿದವರೂ ಧರ್ಮರಕ್ಷಣೆಯ ಹೆಸರನ್ನೇ ಹೇಳಿದರು. ಮುಂದೆ ಶರಣಪಕ್ಷದ ಕೆಲವರು ಸೇಡಿನಿಂದ ಬಿಜ್ಜಳನನ್ನು ಕೊಂದರೆಂದೂ ಅದರಿಂದ ಕಲ್ಯಾಣವೇ ಹಾಳಾಯಿತೆಂದೂ ಅದೇ ಪರಂಪರೆ ಹೇಳುತ್ತದೆ. ಬಸವಣ್ಣನವರು ಕತ್ತಿ ಹಿಡಿಯದೆ ಕೂಡಲಸಂಗಮದ ದಾರಿ ಹಿಡಿದರು. ಹರಳಯ್ಯನ ರಕ್ತವನ್ನು ನೆನೆದು ಕಣ್ಣೀರಿಡುವ ನಾವು, ಇನ್ನೊಂದು ಊರಿನಲ್ಲಿ, ಇನ್ನೊಂದು ಕಾಲದಲ್ಲಿ, ಆನೆಯನ್ನು ನಡೆಸಿದವರ ಸಾಲಿನಲ್ಲಿ ನಿಲ್ಲಬಹುದೆ?

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುವುದು: "ಅವರೂ ಮಾಡುವುದಿಲ್ಲವೇ?" ಹೌದು, ಅವರಲ್ಲಿಯೂ ಕೆಲವರು ಮಾಡಿದ್ದಾರೆ. ನುಗ್ಗಿಕೇರಿಯ ಘಟನೆ ನಡೆದ ವಾರದೊಳಗೆ, 2022ರ ಏಪ್ರಿಲ್ 16ರ ರಾತ್ರಿ, ಮೊಬೈಲಿನಲ್ಲಿ ಹರಿದಾಡಿದ ಒಂದು ಚಿತ್ರದಿಂದ ಕೆರಳಿದ ಮುಸಲ್ಮಾನರ ಗುಂಪು ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಬಳಿ ಕಲ್ಲು ತೂರಿತು. ಪೊಲೀಸರಿಗೆ ಗಾಯಗಳಾದವು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಅದು ಪಾಪವೇ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಾದಾಗ ನಮ್ಮ ಮನೆಮನೆಯ ತಾಯಂದಿರೂ ಅತ್ತರು. ಆ ಮಗುವಿನ ಹೆತ್ತವರ ಉರಿ ಯಾವ ಪ್ರವಚನದಿಂದಲೂ ಆರುವಂತಹದಲ್ಲ. ಆದರೆ ಆ ದಿನಗಳಲ್ಲಿ ಧಾರವಾಡದ ಮುಸಲ್ಮಾನ ವ್ಯಾಪಾರಿಗಳು ಅಂಗಡಿ ಮುಚ್ಚಿ, ಆ ಮಗುವಿಗೆ ನ್ಯಾಯ ಸಿಗಲೆಂದು ಕೇಳಿದುದನ್ನೂ ನಾವು ಮರೆಯಬಾರದು. ಕೊಂದವನಿಗೆ ಶಿಕ್ಷೆಯಾಗಲಿ, ಕಲ್ಲೆಸೆದವನಿಗೆ ಶಿಕ್ಷೆಯಾಗಲಿ, ಗಾಡಿ ಒಡೆದವನಿಗೂ ಶಿಕ್ಷೆಯಾಗಲಿ. ಮಾಡಿದ ಕರ್ಮ ಮಾಡಿದವನನ್ನು ಮುಟ್ಟುವುದೆಂಬುದು ನಮ್ಮ ಸಿದ್ಧಾಂತ. ಹುಬ್ಬಳ್ಳಿಯ ಕಲ್ಲಿಗೆ ನಮ್ಮೂರ ಬಳೆಗಾರನು ದಂಡ ಕಟ್ಟಬೇಕೆಂಬುದು ಯಾವ ಸಿದ್ಧಾಂತ? ಒಬ್ಬನ ಎತ್ತು ಹೊಲ ಮೇಯ್ದರೆ ಊರ ಎತ್ತುಗಳನ್ನೆಲ್ಲ ದೊಡ್ಡಿಗೆ ಹಾಕುವ ರೈತನನ್ನು ನಾವು ಕಂಡಿಲ್ಲ.

ದ್ವೇಷವು ಅನ್ಯರ ಓಣಿಯಲ್ಲಿಯೇ ನಿಲ್ಲುವುದೆಂದು ನಂಬುವವರು ಧಾರವಾಡದ ಕಲ್ಯಾಣನಗರವನ್ನು ನೆನೆಯಬೇಕು. ಡಾ. ಎಂ. ಎಂ. ಕಲಬುರ್ಗಿಯವರು ಸಮಗ್ರ ವಚನ ಸಂಪುಟಗಳ ಸಂಪಾದನೆಯ ಹೊಣೆ ಹೊತ್ತು, ಶರಣರ ಮಾತು ಮನೆಮನೆಗೆ ಮುಟ್ಟುವಂತೆ ಮಾಡಿದ ವಿದ್ವಾಂಸರು. 2015ರ ಆಗಸ್ಟ್ 30ರ ಮುಂಜಾನೆ, ಮನೆಯ ಬಾಗಿಲಿಗೆ ಬಂದವನು ಅವರಿಗೆ ಗುಂಡಿಕ್ಕಿದನು. ಆಗ ಅವರಿಗೆ 76 ವರ್ಷ. ಎರಡು ವರ್ಷಗಳ ಬಳಿಕ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಎರಡಕ್ಕೂ ಒಂದೇ ಪಿಸ್ತೂಲನ್ನು ಬಳಸಲಾಗಿದೆಯೆಂದು ವಿಶೇಷ ತನಿಖಾ ದಳವು ಹೇಳಿತು. ಕಲಬುರ್ಗಿಯವರ ಪ್ರಕರಣದಲ್ಲಿ 2019ರ ಆಗಸ್ಟಿನಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಸಲ್ಲಿಸಿತು. 2014ರಲ್ಲಿ ಬೆಂಗಳೂರಿನ ಒಂದು ಸಭೆಯಲ್ಲಿ ಮೂಢನಂಬಿಕೆಯ ವಿಷಯವಾಗಿ ಅವರಾಡಿದ ಮಾತು ಆ ಗುಂಪಿನ ಕೋಪಕ್ಕೆ ಕಾರಣವೆಂದು ತನಿಖೆಯು ಕಂಡಿತು. ತೀರ್ಪು ನ್ಯಾಯಾಲಯದ್ದು. ನಾವು ಮಾಡಿಕೊಳ್ಳಬೇಕಾದ ಆತ್ಮವಿಚಾರ ಬೇರೆ. 1989ರಲ್ಲಿ ಅವರ ಬರಹವೊಂದಕ್ಕೆ ನೊಂದು ನಮ್ಮ ಸಮಾಜದವರೇ ಅವರನ್ನು ಒತ್ತಾಯಿಸಿ, ಬರೆದುದನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದೆವು. ಮಾತಿಗೆ ಮಾತಿನಿಂದ ಉತ್ತರ ಕೊಡದೆ ಬಾಯಿ ಮುಚ್ಚಿಸುವುದನ್ನು ಒಮ್ಮೆ ಒಪ್ಪಿಕೊಂಡರೆ, ಆ ದಾರಿಯ ಕೊನೆಗೆ ಬಂದೂಕು ಹಿಡಿದವನು ನಿಂತಿರುತ್ತಾನೆ. ನೆರೆಯವನ ಬಣವೆಗೆ ಹತ್ತಿದ ಕಿಚ್ಚು ನಮ್ಮ ಬಣವೆಯ ಗುರುತು ಕೇಳುವುದಿಲ್ಲ.

ಇನ್ನೂ ಸ್ವಲ್ಪ ದೂರಕ್ಕೆ ನೋಡೋಣ. ಇಂದು ನವಲಗುಂದ, ಕುಂದಗೋಳ, ಕಲಘಟಗಿಗಳಂತಹ ಊರುಗಳ ಮಕ್ಕಳೂ ವಿದ್ಯೆ ಕಲಿತು ಸಮುದ್ರದಾಚೆಗೆ ದುಡಿಯಲು ಹೋಗುತ್ತಾರೆ. ಇಲ್ಲಿ ಬಹುಜನರಾದ ನಾವು ಅಲ್ಲಿ ಅತ್ಯಲ್ಪ ಜನ. 2017ರ ಫೆಬ್ರುವರಿ 22ರಂದು ಅಮೇರಿಕೆಯ ಕ್ಯಾನ್ಸಾಸ್ ಪ್ರಾಂತದ ಓಲೇಥ ಎಂಬ ಊರಿನಲ್ಲಿ ಹೈದರಾಬಾದಿನ ಕಡೆಯ ಒಬ್ಬ ತರುಣ ಇಂಜಿನಿಯರನು ಗೆಳೆಯನೊಡನೆ ಕುಳಿತಿದ್ದಾಗ, ನಮ್ಮ ದೇಶ ಬಿಟ್ಟು ತೊಲಗೆಂದು ಕೂಗಿ ಒಬ್ಬ ಬಿಳಿಯನು ಗುಂಡು ಹಾರಿಸಿ ಅವನನ್ನು ಕೊಂದನು. ಅಲ್ಲಿಯೇ ಇದ್ದ ಇನ್ನೊಬ್ಬ ಬಿಳಿಯ ತರುಣನು ಸುಮ್ಮನಿರಲಿಲ್ಲ. ಕೊಲೆಗಾರನನ್ನು ತಡೆಯಲು ನುಗ್ಗಿ ತಾನೂ ಗುಂಡು ತಿಂದು, ದೈವವಶದಿಂದ ಬದುಕಿದನು. ಕೊಂದವನೂ ತಡೆದವನೂ ಒಂದೇ ಬಣ್ಣದವರು, ಒಂದೇ ನಾಡಿನವರು. ಇಬ್ಬರಲ್ಲಿ ಆ ನಾಡಿನ ಮಾನ ಉಳಿಸಿದವನು ಯಾರು? 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ, ಶುಕ್ರವಾರದ ಪ್ರಾರ್ಥನೆಗೆ ಕೂಡಿದವರ ಮೇಲೆ ಬಿಳಿಯರ ಮೇಲ್ಮೆಯ ಹುಚ್ಚು ಹಿಡಿದ ಒಬ್ಬನು ಗುಂಡಿನ ಮಳೆಗರೆದು 51 ಜನರನ್ನು ಕೊಂದನು. ಮಸೀದಿಯ ಬಾಗಿಲಲ್ಲಿದ್ದವರೊಬ್ಬರು, ಬಂದವನ ಕೈಯಲ್ಲಿ ಏನಿದೆಯೆಂದು ಕಾಣುವ ಮುನ್ನವೇ, ಸಹೋದರನೆಂದು ಕರೆದು ಬರಮಾಡಿಕೊಂಡಿದ್ದರಂತೆ. ಮತವು ಬೇರೆ, ನಾಡು ಬೇರೆ. ಆದರೆ ಬಾಗಿಲಿಗೆ ಬಂದವನನ್ನು ನಮ್ಮವನೆಂದು ಕರೆದ ಆ ಮಾತು ಬಸವಣ್ಣನವರ ಮಹಾಮನೆಯ ಮಾತೇ ಆಗಿದೆ.

ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. 1819ರಿಂದ 1889ರವರೆಗೆ ಬಾಳಿದ ಶಿಶುನಾಳದ ಶರೀಫ ಸಾಹೇಬರು ಮುಸಲ್ಮಾನರು. ಗುರು ತನ್ನ ಶಿಷ್ಯನ ಕೊರಳಿಗೆ ಜನಿವಾರ ಹಾಕಿದನೆಂದು ಜನ ಇಂದಿಗೂ ಹೇಳುತ್ತಾರೆ. ಆ ಗುರುಶಿಷ್ಯರ ಹೆಸರನ್ನು ಬಿಡಿಸಿ ಹೇಳುವವರು ನಮ್ಮಲ್ಲಿಲ್ಲ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಬೆಣ್ಣೆಹಳ್ಳದ ದಂಡೆಗೆ ಜಾತ್ರೆ ಸೇರಿದಾಗ, ಚಾಂಗದೇವರೆಂದು ಕೆಲವರು, ರಾಜಾಬಾಗಸವಾರರೆಂದು ಕೆಲವರು ಒಂದೇ ಸನ್ನಿಧಿಗೆ ಕೈಮುಗಿಯುತ್ತಾರೆ. ನವಲಗುಂದದ ಹೆಸರಾಂತ ಜಮಖಾನೆಗಳನ್ನು ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು. ಶಿವಾನುಭವಗೋಷ್ಠಿಗೆ ಜಮಖಾನೆ ಹಾಸಿ ಕುಳಿತು, ಅದನ್ನು ನೇಯ್ದವಳಿಗೆ ನಿನಗಿಲ್ಲಿ ಸ್ಥಳವಿಲ್ಲವೆಂದರೆ, ನಾವು ಕುಳಿತ ಹಾಸಿಗೆಯೇ ನಮ್ಮನ್ನು ಒಪ್ಪೀತೆ?

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದು, ಮನೆಯಲ್ಲಿ ಮಕ್ಕಳ ಮುಂದೆ ಯಾವ ಜನಾಂಗವನ್ನೂ ಹೀನಾಯವಾಗಿ ಆಡದಿರುವುದು. ಮಕ್ಕಳು ನಾವು ಕಲಿಸಿದ್ದನ್ನು ಮರೆತಾರು, ನಾವು ಆಡಿಕೊಂಡದ್ದನ್ನು ಮರೆಯರು. ಎರಡನೆಯದು, ಮೊಬೈಲಿನಲ್ಲಿ ಬಂದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ದಾಟಿಸದಿರುವುದು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಮಿಠಾಯಿ ಕೊಟ್ಟ ಪರವೂರ ತರುಣರನ್ನು ಮಕ್ಕಳ ಕಳ್ಳರೆಂದು ಮೊಬೈಲಿನ ಗುಲ್ಲನ್ನು ನಂಬಿ ಜನ ಬಡಿದರು. ಒಬ್ಬನು ಪ್ರಾಣ ಬಿಟ್ಟನು. ಸುಳ್ಳನ್ನು ಹುಟ್ಟಿಸಿದವನೊಬ್ಬನಿರಬಹುದು, ದಾಟಿಸಿದವರೆಲ್ಲರ ಕೈಗೂ ಆ ರಕ್ತ ಅಂಟುವುದು. ಮೂರನೆಯದು, ಎಲ್ಲಿಯಾದರೂ ಒಬ್ಬನ ಮೇಲೆ ಗುಂಪು ಬೀಳುತ್ತಿದ್ದರೆ ನಾಲ್ಕು ಜನ ಕೂಡಿ ನಡುವೆ ನಿಲ್ಲುವುದು. ಅದು ಆಗದಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡುವುದು. ಕಂಡದ್ದನ್ನು ಕಂಡಂತೆ ಸಾಕ್ಷಿ ಹೇಳುವುದು.

ರಾಜಶಾಸನವೂ ಇದಕ್ಕೆ ಬೆಂಬಲವಾಗಿದೆ. ಇಚ್ಛೆಯ ಉದ್ಯೋಗ ಮಾಡಿ ಬದುಕುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಮತಭೇದಗಳನ್ನು ಮೀರಿ ಸೌಹಾರ್ದ ಬೆಳೆಸುವುದು ಪ್ರತಿಯೊಬ್ಬನ ಕರ್ತವ್ಯವೆಂದು 51ಎ ವಿಧಿಯು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಂತೆ, ಮತಮತಗಳ ನಡುವೆ ವೈರ ಬಿತ್ತಿದವನಿಗೆ 3 ವರ್ಷಗಳವರೆಗೆ ಸೆರೆಮನೆ. ಅದೇ ಅಪರಾಧವನ್ನು ಪೂಜಾಸ್ಥಳದಲ್ಲಿ ಮಾಡಿದರೆ 5 ವರ್ಷಗಳವರೆಗೆ. ದೇವರ ಮುಂದೆ ಮಾಡಿದ ತಪ್ಪು ಹೆಚ್ಚಿನದೆಂಬುದನ್ನು ಕಾನೂನು ಸಹ ಬಲ್ಲದು.

ಎಂಟು ದಿನಗಳ ಮೇಲೆ ಸಭೆ ಮತ್ತೆ ಕೂಡಿತು. ಈ ಸಲ ನಾನು ಮೊದಲು ಎದ್ದೆನು. ಕಳೆದ ಸಭೆಯಲ್ಲಿ ಅಂಜಿ ಸುಮ್ಮನಿದ್ದುದಕ್ಕೆ ಎಲ್ಲರ ಕ್ಷಮೆ ಬೇಡಿ, ಮೇಲೆ ಬರೆದ ಮಾತುಗಳನ್ನೇ ಸಂಕ್ಷೇಪವಾಗಿ ಹೇಳಿದೆನು. ಬೋರ್ಡು ಬೇಡವೆಂದು ಹಿರಿಯರು ನಿರ್ಣಯಿಸಿದರು. ನನ್ನ ಶಿಷ್ಯನು ಒಪ್ಪಿದನೆಂದು ನಾನು ಹೇಳಲಾರೆ. "ಹಿರ್ಯಾರು ಅಂದಂಗ ಆಗಲ್ರಿ" ಎಂದು ಕುಳಿತನು. ಅದೂ ಒಂದು ಆರಂಭವೇ.

ತೇರಿನ ದಿನ ಅಂಗಡಿ ಸಾಲಿನಲ್ಲಿ ನಡೆದು ನೋಡಿದೆನು. ಬಳೆಗಾರನು ಬಂದಿದ್ದನು. ಆದರೆ ಅವನ ತಂದೆಯ ಕಾಲದಿಂದ ಗುಡಿಯ ಎದುರಿಗೆ ಇರುತ್ತಿದ್ದ ಅಂಗಡಿ ಅಂದು ಸಾಲಿನ ಕಟ್ಟಕಡೆಗೆ, ಕೆರೆಯ ಕಡೆಗಿತ್ತು. ಅಲ್ಲಿಗೆ ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಭೆಯ ಮೊದಲ ದಿನದ ಮಾತು ಅವನ ಕಿವಿಗೆ ಬಿದ್ದಿತ್ತು, ಅಷ್ಟೇ. ಮೊದಲಿನ ಜಾಗಕ್ಕೆ ಬಾರೆಂದು ಕರೆದೆನು. ಅವನು ಬಳೆಯ ಸರ ಜೋಡಿಸುತ್ತ ತಲೆಯೆತ್ತದೆ, "ಇರಲಿ ಬಿಡ್ರಿ ಗುರುಗಳ, ಇಲ್ಲೂ ವ್ಯಾಪಾರ ಆಕ್ಕೈತಿ" ಎಂದನು. ಗಾಡಿಯನ್ನು ಒಡೆಯಲಿಲ್ಲ, ಹಣ್ಣು ಬಳೆ ಯಾವುದನ್ನೂ ಚೆಲ್ಲಲಿಲ್ಲ. ಬರಿಯ ಒಂದು ಮಾತು, ಅದಕ್ಕಿಂತ ಹೆಚ್ಚಾಗಿ ಆ ಮಾತಿಗೆ ನನ್ನಂತಹವರ ಮೌನ, ಒಬ್ಬ ಮನುಷ್ಯನನ್ನು ತನ್ನ ಊರಿನಲ್ಲಿಯೇ ನೂರು ಹೆಜ್ಜೆ ಹಿಂದಕ್ಕೆ ಸರಿಸಿತ್ತು.

ಈ ವರ್ಷದ ಜಾತ್ರೆ ಮತ್ತೆ ಹತ್ತಿರ ಬಂದಿದೆ. ತೇರು ಎಳೆಯುವ ಮುನ್ನಾದಿನ ಅವನ ಮನೆಗೆ ಹೋಗಿ, ಅವನ ಪೆಟ್ಟಿಗೆಯನ್ನು ಒಂದು ಕೈ ಹಿಡಿದು ಗುಡಿಯ ಎದುರಿನ ಹಳೆಯ ಜಾಗಕ್ಕೆ ತರಬೇಕೆಂದು ಸಂಕಲ್ಪಿಸಿದ್ದೇನೆ. ಇನ್ನೊಂದು ಕೈ ಹಿಡಿಯಲು ಬಾರೆಂದು ನನ್ನ ಶಿಷ್ಯನನ್ನು ಕರೆಯುವೆನು. ಬಂದರೆ ಐದು ಆಚಾರಗಳ ಪಾಠ ಅವನಿಗೂ ನನಗೂ ಅಂದು ಪೂರ್ಣವಾದಂತೆ. ಅವನು ಬಾರದಿದ್ದರೂ ನಾನು ಹೋಗತಕ್ಕದ್ದೇ. ಏಕೆಂದರೆ ನನ್ನ ಪಾಲಿನ ಗಣಾಚಾರ ಅದೇ ಆಗಿದೆ. ತಮ್ಮ ತಮ್ಮ ಊರುಗಳಲ್ಲಿ ಸಾಲಿನ ಕಡೆಗೆ ಸರಿದು ಹೋದವರು ಯಾರಿರುವರೆಂದು ತಾವೂ ಒಮ್ಮೆ ತಿರುಗಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.

ಸಕಲ ಜೀವಾತ್ಮರಿಗೂ ಲೇಸಾಗಲಿ. ಶರಣು ಶರಣಾರ್ಥಿ.